ಎಂಥಾ ಎಂದು ಕೇಳುವವರು

ಇವರು ತೀರಿಕೊಂಡ ಮೇಲೆ ನಮ್ಮ ಹಿರೇಕೆರೂರಿನ ಮನೆಗೆ ಬಂದವರೆಲ್ಲ ಕಟ್ಟೆಯ ಮೇಲೆ ಕುಳಿತು, ನೀರು ಕುಡಿದು, ಹೆಚ್ಚುಕಡಿಮೆ ಒಂದೇ ಮಾತು ಹೇಳಿ ಹೋದರು: "ಏನ್ ಇಂಗ್ಲಿಷ್ ರೀ ಮಾಸ್ತರದು! ನೀರ ಕುಡದಂಗ ಹೇಳ್ತಿದ್ರು." ನಾನು ತಲೆಯಾಡಿಸಿದೆ. ಮಾತಾಡುವ ಶಕ್ತಿ ಇರಲಿಲ್ಲ. ಇದ್ದಿದ್ದರೆ ಹೇಳುತ್ತಿದ್ದೆ, ನೀರು ಕುಡಿದ ಹಾಗೆ ಬಂದದ್ದಲ್ಲ ಅದು, ಬಾವಿ ತೋಡಿ ತಂದದ್ದು ಎಂದು. ಆ ಬಾವಿಯ ದಂಡೆಯ ಮೇಲೆ ನಾನಿದ್ದೆ.

ನಾನು ಕಲಿತದ್ದು ಕನ್ನಡ ನಾಲ್ಕನೇ ಇಯತ್ತೆಯವರೆಗೆ. ಬರೆಯುವ ರೂಢಿಯಿಲ್ಲ. ನನ್ನ ಯಜಮಾನರನ್ನು ಎಂದೂ ಹೆಸರು ಹಿಡಿದು ಕರೆದವಳಲ್ಲ, ಇಲ್ಲಿಯೂ ಇವರು ಎಂದೇ ಬರೆಯುತ್ತೇನೆ. ತವರು ಹಾನಗಲ್, ಸಂಸಾರ ಹೂಡಿದ್ದು ಶಿಗ್ಗಾಂವಿಯಲ್ಲಿ, ಅತ್ತೆಯ ಮನೆ ಸವಣೂರು, ಈಗಿರುವುದು ಹಿರೇಕೆರೂರು. ನಾನು ಕಂಡ ಜಗತ್ತು ಇಷ್ಟೇ, ಒಂದು ಬಂಡಿಯಲ್ಲಿ ಕುಳಿತು ಸುತ್ತಿ ಬರಬಹುದಾದಷ್ಟು. ಅಷ್ಟರೊಳಗೆ ಕಂಡ ಒಂದು ಆಶ್ಚರ್ಯ ಮಾತ್ರ ಇಂದಿಗೂ ನನಗೆ ಮುಗಿದಿಲ್ಲ.

ಇವರು ಶಿಗ್ಗಾಂವಿಯ ಕನ್ನಡ ಶಾಲೆಯ ಮಾಸ್ತರರು. ಬಾಡಿಗೆ ಮನೆ, ಮಣ್ಣಿನ ಮಾಳಿಗೆಯದು. ಮುಂದಿನ ಅರ್ಧದಲ್ಲಿ ಮನೆಯ ಒಡತಿ ಇದ್ದಳು, ಮಕ್ಕಳೆಲ್ಲ ಹೊಲದ ಮನೆಯಲ್ಲಿದ್ದುದರಿಂದ ಒಂಟಿ ಮುದುಕಿ. ಓಣಿಯವರ ಹಾಗೆ ನಾವೂ ಆಕೆಯನ್ನು ಆಯಿ ಎನ್ನುತ್ತಿದ್ದೆವು. ಹಿತ್ತಲು ಇಬ್ಬರಿಗೂ ಒಂದೇ. ಅಲ್ಲಿ ಒಂದು ಬೇವಿನ ಗಿಡ, ಅದರ ಬುಡಕ್ಕೆ ಕಲ್ಲಿನ ಕಟ್ಟೆ. ಶಾಲೆ ಬಿಟ್ಟು ಬಂದ ಮೇಲೆ ಹೊತ್ತು ಮುಳುಗುವವರೆಗೆ ಇವರ ಸ್ಥಳ ಆ ಕಟ್ಟೆಯೇ. ಖಾಸಗಿಯಾಗಿ ಮ್ಯಾಟ್ರಿಕ್ ಪರೀಕ್ಷೆಗೆ ಕಟ್ಟಿ ಇಂಗ್ಲಿಷಿನಲ್ಲಿ ಒಮ್ಮೆ ಬಿದ್ದಿದ್ದರು. ಮತ್ತೆ ಕಟ್ಟುವ ಹಟವಿತ್ತು.

ಆ ಮನೆಯಲ್ಲಿ ನಮ್ಮ ಕೂಸು ಹೋಯಿತು. ಹೆಣ್ಣು ಕೂಸು. ಮಗ್ಗಲು ಹೊರಳಿ, ತಾನೇ ಹೊರಳಿದ್ದಕ್ಕೆ ತಾನೇ ಬೆರಗಾಗಿ ನೋಡುವಷ್ಟು ದೊಡ್ಡದಾಗಿತ್ತು. ಮುಂಗಾರಿನ ಮಳೆಯಲ್ಲಿ ಜ್ವರ ಬಂತು, ಇಳಿಯಲಿಲ್ಲ. ಹಳ್ಳದ ಆಚೆ, ಹೊಲದ ಬದುವಿನ ಹತ್ತಿರ ಮಣ್ಣು ಕೊಟ್ಟು ಬಂದರು.

ಅದಾದ ಮೇಲೆ ನನ್ನ ಮಾತು ನಿಂತಿತು. ನಾನು ಹಟ ಹಿಡಿದು ನಿಲ್ಲಿಸಿದ್ದಲ್ಲ. ರೊಟ್ಟಿ ಬಡಿಯುತ್ತಿದ್ದೆ, ನೀರು ತರುತ್ತಿದ್ದೆ, ಕರೆದರೆ ತಿರುಗಿ ನೋಡುತ್ತಿದ್ದೆ. ಮಾತು ಮಾತ್ರ ಗಂಟಲವರೆಗೆ ಬಂದು, ಹೇಳಿ ಏನಾಗಬೇಕಿದೆ ಎಂದು ತಾನೇ ತಿರುಗಿ ಹೋಗುತ್ತಿತ್ತು. ಮೊದಲು ಎಲ್ಲರೂ ದುಃಖ ಎಂದರು. ಆಮೇಲೆ ಬೇರೆ ಹೆಸರು ಹುಡುಕತೊಡಗಿದರು.

ಶ್ರಾವಣ ಕಳೆಯುತ್ತಿದ್ದಂತೆ ಸವಣೂರಿನಿಂದ ಅತ್ತೆ ಬಂದರು. ಬಾಳೆ ಎಲೆಯಲ್ಲಿ ಸುತ್ತಿದ ವೀಳ್ಯದೆಲೆಯ ಕಟ್ಟು, ನನಗೆ ಸೇರುತ್ತದೆಂದು ಸವಣೂರಿನ ಖಾರ ಎಂಬ ಕುರುಕಲು ತಿಂಡಿ ತಂದಿದ್ದರು. ಕೆಟ್ಟವರಲ್ಲ. ಬಂದ ದಿನ ನನ್ನ ತಲೆಗೆ ಎಣ್ಣೆ ಹಚ್ಚಿ ತಾವೇ ಅತ್ತರು. ಆದರೆ ಅವರಿಗೆ ಇದ್ದದ್ದು ಒಬ್ಬನೇ ಮಗ.

"ಏನ್ ಮಾಡೂದಪ ಹಿಂಗಾದ್ರ?" ಎಂದು ಪಡಸಾಲೆಯಲ್ಲಿ ಮಗನನ್ನು ಕೇಳಿದರು. ನಾನು ಒಲೆಯ ಮುಂದಿದ್ದೆ. ನನಗೆ ಕೇಳಿಸಲಿ ಎಂದೇ ಕೇಳಿದರು. "ಗ್ವಾಡಿ ಜೋಡಿ ಸಂಸಾರ ಮಾಡ್ತಿಯೇನು? ತವರಿಗಿ ಹೋಗಿ ಒಂದಷ್ಟ ದಿವಸ ಇದ್ದು ಬರ್ಲಿ. ಆಕಿ ಅಣ್ಣಗ ಹೇಳಿ ಕಳಿಸೇನಿ. ಸೀಗಿ ಹುಣ್ಣಿವಿ ಮುಗದ ಕೂಡ್ಲೆ ಬಂಡಿ ಕಟಗೊಂಡ ಬರ್ತಾನ."

ಒಂದಷ್ಟು ದಿವಸ ಎಂದರೆ ಏನೆಂದು ನನಗೆ ಗೊತ್ತಿತ್ತು. ಹಾನಗಲ್ಲಿನ ನಮ್ಮ ಓಣಿಯಲ್ಲಿ ಹಾಗೆ ಒಂದಷ್ಟು ದಿವಸಕ್ಕೆಂದು ಬಂದ ಹೆಣ್ಣುಮಗಳೊಬ್ಬಳು ತಲೆ ಬೆಳ್ಳಗಾಗುವವರೆಗೆ ಅಲ್ಲಿಯೇ ಇದ್ದಳು. ಗಂಡನ ಮನೆಯಲ್ಲಿ ಬೇರೊಬ್ಬಳ ಮಕ್ಕಳು ದೊಡ್ಡವಾದವು. ಹಳ್ಳದ ಆಚೆಯ ಆ ಬದುವನ್ನು ಬಿಟ್ಟು ಹೋಗುವುದೂ ನನ್ನಿಂದ ಆಗದ ಮಾತು.

ಇವರು ಕೈಯಲ್ಲಿದ್ದ ಪುಸ್ತಕ ಕೆಳಗಿಟ್ಟರು. ಆಮೇಲೆ, "ಹೋಗ್ತೇನಿ ಅಂದ್ರ ಹೋಗ್ಲಿ, ಇರ್ತೇನಿ ಅಂದ್ರ ಇರ್ಲಿ. ಆಕೀನ ಹೇಳ್ಲಿ ಅವ್ವಾ" ಎಂದರು.

"ಹೇಳಾಕ ಬಾಯಿ ಇದ್ದರಲ್ಲ!" ಎಂದರು ಅತ್ತೆ.

ಹೀಗೆ ನನ್ನ ಬಾಳೆಲ್ಲ ನನ್ನ ಬಾಯಿಂದ ಬರಬೇಕಾದ ಒಂದು ಮಾತಿನ ಮೇಲೆ ಬಂದು ನಿಂತಿತು. ಇರ್ತೇನಿ. ಅಷ್ಟೇ. ಒಲೆಯ ಮುಂದೆ ಕುಳಿತು ತುಟಿ ಆಡಿಸಿ ನೋಡುತ್ತಿದ್ದೆ. ತುಟಿ ಆಡುತ್ತಿತ್ತು, ದನಿ ಬರುತ್ತಿರಲಿಲ್ಲ.

ಇನ್ನು ಇವರ ಇಂಗ್ಲಿಷಿನ ವಿಷಯ. ಚಿಕ್ಕಂದಿನಲ್ಲಿ ಇವರು ಮಠದ ಪಾಠಶಾಲೆಯಲ್ಲಿ ಸಂಸ್ಕೃತ ಕಲಿತವರು. ಅಲ್ಲಿ ಶ್ಲೋಕದ ಅರ್ಥ ಬಿಡಿಸುವ ಒಂದು ರೀತಿ ಇದೆ. ಖಂಡಾನ್ವಯ ಎನ್ನುತ್ತಾರೆ. ಶ್ಲೋಕದಲ್ಲಿ ಶಬ್ದಗಳು ಜಾತ್ರೆಯ ಜನರ ಹಾಗೆ ಎಲ್ಲೆಂದರಲ್ಲಿ ನಿಂತಿರುತ್ತವೆ. ಗುರುಗಳು ಮೊದಲು ಕ್ರಿಯಾಪದದ ಕೈ ಹಿಡಿಯುತ್ತಾರೆ. ಬಂದನು ಎಂದಿದ್ದರೆ, ಯಾರು ಬಂದನು, ಎಲ್ಲಿಂದ ಬಂದನು, ಎಂಥವನು ಬಂದನು ಎಂದು ಕೇಳುತ್ತ ಹೋಗುತ್ತಾರೆ. ಒಂದೊಂದು ಪ್ರಶ್ನೆಗೆ ಒಂದೊಂದು ಶಬ್ದ ಎದ್ದು ಬಂದು ತನ್ನ ಮನೆಯವರನ್ನು ಸೇರಿಕೊಳ್ಳುತ್ತದೆ. ನಿಯಮ ಒಂದೇ: ಕೊನೆಗೆ ಒಂದು ಶಬ್ದವೂ ಹೊರಗೆ ಉಳಿಯಬಾರದು.

ಇವರಿಗೆ ಕಲಿಯುವುದೆಂದರೆ ಇದೊಂದೇ ದಾರಿ. ಇಂಗ್ಲಿಷನ್ನೂ ಹಾಗೆಯೇ ಹಿಡಿದರು. ಆದರೆ ಖಂಡಾನ್ವಯಕ್ಕೆ ಕೇಳುವವನೊಬ್ಬ, ಹೇಳುವವನೊಬ್ಬ ಬೇಕು. ಶಿಗ್ಗಾಂವಿಯಲ್ಲಿ ಸಂಜೆ ಹೊತ್ತು ಹಿತ್ತಲಿಗೆ ಬಂದು ಇವರನ್ನು ಪ್ರಶ್ನೆ ಕೇಳುವವರು ಯಾರಿದ್ದರು? ಹಾಗಾಗಿ ತಾವೇ ಗುರುವಿನ ದಪ್ಪ ದನಿಯಲ್ಲಿ ಕೇಳಿ, ತಾವೇ ಶಿಷ್ಯನ ಸಣ್ಣ ದನಿಯಲ್ಲಿ ಉತ್ತರ ಹೇಳುತ್ತಿದ್ದರು. ರಟ್ಟು ಹರಿದ ಒಂದು ಇಂಗ್ಲಿಷ್ ವಾಚನ ಪುಸ್ತಕ ತೊಡೆಯ ಮೇಲೆ. ಒಕ್ಕಲಿಗರು ಕಾಳನ್ನು ಆಳವಾದ ಹಗೇವುಗಳಲ್ಲಿ, ಅಂದರೆ ನೆಲದೊಳಗೆ ತೋಡಿದ ಕಣಜಗಳಲ್ಲಿ, ಇಡುತ್ತಾರೆ ಎಂಬ ಅರ್ಥದ ವಾಕ್ಯವೊಂದಿತ್ತು, ಅದು ನನಗೆ ಇನ್ನೂ ನೆನಪಿದೆ.

"ಕೀಪ್, ಇಡ್ತಾರ. ಯಾರು ಇಡ್ತಾರ?" ದಪ್ಪ ದನಿ.

"ಫಾರ್ಮರ್ಸ್, ಒಕ್ಕಲಿಗರು." ಸಣ್ಣ ದನಿ.

"ಏನ ಇಡ್ತಾರ?"

"ಗ್ರೇನ್, ಕಾಳು."

"ಎಲ್ಲಿ ಇಡ್ತಾರ?"

"ಇನ್ ಪಿಟ್ಸ್, ಹಗೇವಿನ್ಯಾಗ."

"ಎಂಥಾ ಪಿಟ್ಸ್?"

"ಡೀಪ್, ಆಳವಾದ."

ಹಿತ್ತಲ ಬಾಗಿಲಲ್ಲಿ ಶೇಂಗಾ ಸುಲಿಯುತ್ತ ಕುಳಿತ ಆಯಿಗೆ ಇದು ದಿನದ ತಮಾಷೆ. "ಏ ಮಾಸ್ತರ, ಯಾರ ಜೋಡಿ ಜಗಳಾ ತಗದೀಪಾ? ನೀನ ಕೇಳ್ತಿ, ನೀನ ಹೇಳ್ತಿ! ಹಗೇವು ಆಳ ಇರದ ಮತ್ತ ಮಾಳಗಿ ಮ್ಯಾಲ ಇರತೈತೇನು?"

"ಪರೀಕ್ಷಾದಾಗ ಹಂಗ ಬರದ್ರ ಮಾರ್ಕ್ ಕೊಡೂದಿಲ್ಲ ಆಯಿ."

"ಕೊಡದಿದ್ರ ಬಿಡ್ಲಿ. ಜ್ವಾಳಾ ಅಂತೂ ಕೊಡ್ತೈತಿ ಹಗೇವು."

ಅತ್ತೆಗೂ ನಗು ಬರುತ್ತಿತ್ತು. ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದರು. ನಾನು ಕಟ್ಟೆಯ ಈಚೆ ಬದಿಗೆ ಮೊರ ಹಿಡಿದು ಜೋಳ ಹಸನು ಮಾಡುತ್ತ ಕುಳಿತಿರುತ್ತಿದ್ದೆ. ಕೇಳಬೇಕೆಂದು ಕುಳಿತದ್ದಲ್ಲ. ಆದರೆ ಆ ಎರಡು ದನಿ ಕಿವಿಗೆ ಬಿದ್ದು ಬಿದ್ದು, ಇವರು ಒಂದು ವಸ್ತುವಿನ ಹೆಸರು ಹೇಳಿದ ಕೂಡಲೆ ನನ್ನ ಮನಸ್ಸು ತಾನಾಗಿಯೇ ಎಂಥಾದ್ದು ಎಂದು ಕಾಯುವ ಹಾಗಾಯಿತು. ಕೂಸು ಹೋದ ಮೇಲೆ ನಾನು ಯಾವುದಕ್ಕಾದರೂ ಕಾದದ್ದು ಅದೇ ಮೊದಲು.

ಇವರ ತೊಡಕು ಎಲ್ಲಿತ್ತೆಂದರೆ ಇಲ್ಲಿ. ಸಂಸ್ಕೃತದಲ್ಲಿ ಗುಣ ಹೇಳುವ ಶಬ್ದ ತಾನು ಯಾರ ಪಕ್ಕ ನಿಂತಿದೆಯೋ ಅವರ ಉಡುಪನ್ನೇ ಉಡಬೇಕಂತೆ. ಹಗೇವು ಹಲವಾದರೆ ಆಳವೂ ಹಲವಾಗಬೇಕು. ಹಗೇವುಗಳಲ್ಲಿ ಎಂದರೆ ಆಳಕ್ಕೂ ಅದೇ ಸೆರಗು. ಗಭೀರೇಷು ಗರ್ತೇಷು ಎಂದು ಇವರು ಹಾಡಿದ ಹಾಗೆ ಹೇಳಿ ತೋರಿಸುತ್ತಿದ್ದರು. ಎರಡೂ ಶಬ್ದ ಒಂದೇ ಗೆಜ್ಜೆ ಕಟ್ಟಿಕೊಂಡು ಬಂದ ಹಾಗೆ ಕೇಳುತ್ತಿತ್ತು. ಆ ರುಚಿ ನಾಲಗೆಗೆ ಹತ್ತಿದವರು ಇಂಗ್ಲಿಷಿನಲ್ಲಿಯೂ ಪಿಟ್ಸ್ ಎಂಬುದರ ಮುಂದೆ ಡೀಪ್ಸ್ ಎಂದು ಬರೆಯುತ್ತಿದ್ದರು. ಓಲ್ಡ್ಸ್ ಹೌಸಿಸ್, ಬಿಗ್ಸ್ ಟ್ರೀಸ್. ಬರೆದದ್ದನ್ನು ಬೇರೆ ಊರಿನ ಹೆಡ್ ಮಾಸ್ತರರೊಬ್ಬರಿಗೆ ತೋರಿಸಲು ಹೋದರೆ ಅವರು ಹೊಟ್ಟೆ ಹಿಡಿದು ನಕ್ಕರಂತೆ. "ಏನ್ರೀ ಮಾಸ್ತರ, ಎಮ್ಮಿ ಜೋಡಿ ಹೊಂಟ ದನಾ ಕಾಯಾಂವಗೂ ಬಾಲಾ ಹಚ್ಚೀರಲ್ರೀ!"

ಇವರು ಅದನ್ನು ನಮಗೆ ಹೇಳಿ ತಾವೂ ನಕ್ಕರು. ಆದರೆ ಮರುದಿನ ಸಂಜೆ ಕಟ್ಟೆಯ ಮೇಲೆ ಕುಳಿತವರು ಓದಲಿಲ್ಲ. ಬಹಳ ಹೊತ್ತು ಬೇವಿನ ಗಿಡ ನೋಡುತ್ತಿದ್ದರು. ಆಮೇಲೆ ತಮ್ಮಷ್ಟಕ್ಕೆ ತಾವೇ, "ಉಡುಪ ಬದಲಿಸೂದಿಲ್ಲ ಅದು" ಎಂದರು. "ಹಗೇವು ಒಂದಿರ್ಲಿ, ಊರತುಂಬ ಇರ್ಲಿ, ಡೀಪ್ ಅನ್ನೂದು ಹಂಗ ನಿಂತಿರತೈತಿ. ಯಾರ ಜೋಡಿ ನಿಂತ್ರೂ ತನ್ನ ಅಂಗಿ ತನಗ." ಒಮ್ಮೆಲೆ ತೊಡೆ ತಟ್ಟಿಕೊಂಡರು. "ನಾವೂ ಹಂಗ ಅಂತೇವಲ್ಲ! ಆಳವಾದ ಹಗೇವು, ಆಳವಾದ ಹಗೇವುಗಳು. ಹುಟ್ಟಿದಾಗಿಂದ ಬಾಯಾಗ ಇಟಗೊಂಡು ಊರೆಲ್ಲಾ ಹುಡುಕಿದೆ ನೋಡು ನಾನು!"

ಅಂದು ಇವರ ಮುಖದಲ್ಲಿದ್ದ ಬೆರಗನ್ನು ನಾನು ಒಮ್ಮೆ ಮಾತ್ರ ಕಂಡಿದ್ದೆ, ಮಗ್ಗಲು ಹೊರಳಿದ ಕೂಸಿನ ಮುಖದಲ್ಲಿ. ತಟ್ಟನೆ ಎದ್ದು ಒಳಗೆ ಹೋದೆ.

ಇವರಿಗೆ ಬೆರಗಾದ ಇನ್ನೊಂದು ಸಂಗತಿ, ಇಂಗ್ಲಿಷಿನವರ ಒಳಗೆ, ಮೇಲೆ, ಕೆಳಗೆ. ನಾವು ಮೊದಲು ಮನೆ ಎನ್ನುತ್ತೇವೆ, ಆಮೇಲೆ ಅದರ ಒಳಗೆ ಎನ್ನುತ್ತೇವೆ. ಕಣ್ಣಿಗೆ ಕಂಡ ಮೇಲೆ ಹೊಸ್ತಿಲು ದಾಟುವುದು. ಅವರು ಹಾಗಲ್ಲ. "ಅವ್ರು ಮೊದಲ 'ಒಳಗ' ಅಂತಾರವ್ವಾ" ಎಂದು ಅತ್ತೆಗೆ ತಿಳಿಸಿ ಹೇಳುತ್ತಿದ್ದರು. "ಯಾವುದರ ಒಳಗ ಅನ್ನೂದು ಆಮ್ಯಾಲ. ಎಂಥಾದ್ದು ಅಂತ ಹೇಳ್ತಾರ, ಎಲ್ಲಾದರ ಕಡೀಕ ಅದು ಏನು ಅಂತ ಹೇಳ್ತಾರ."

"ಕತ್ತಲದಾಗ ಕಾಲ ಇಟ್ಟಂಗ ಆತಲ್ಲೋ" ಎಂದರು ಅತ್ತೆ.

"ಹಂಗ ಅವ್ವಾ. ಆದರೂ ಬೀಳೂದಿಲ್ಲ ನೋಡು ಅವ್ರು."

ಆ ಮಾತು ನನ್ನಲ್ಲಿ ಉಳಿಯಿತು. ನಾನು ಆಗ ಒಳಗೆ ಇದ್ದೆ. ಯಾವುದರ ಒಳಗೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಾಗುವ ಮೊದಲೇ ಕಾಲಿಟ್ಟವರು ಲೋಕದಲ್ಲಿ ಬೇರೆಯವರೂ ಇದ್ದಾರೆ, ಬೀಳದೆ ನಡೆಯುತ್ತಾರೆ ಎಂಬುದು ಏನೋ ಒಂದು ಆಸರೆಯಾಯಿತು. ಮಾತು ಮಾತ್ರ ಬರಲಿಲ್ಲ.

ಸೀಗಿ ಹುಣ್ಣಿಮೆ ಬಂತು. ಆಯಿಯ ಮಕ್ಕಳು ಹೊಲದಲ್ಲಿ ಬೆಳೆಗೆ ಎಡೆಯ ಅನ್ನದ ಚರಗ ಚೆಲ್ಲಲು ಕರೆದರು, ಅತ್ತೆ ಹೋಗಿ ಬಂದರು. ನಾನು ಹೋಗಲಿಲ್ಲ. ಹಳ್ಳ ದಾಟಿ ಹೋಗಬೇಕಿತ್ತು. ಮರುದಿನದಿಂದ ಅತ್ತೆ ನನ್ನ ಸೀರೆಗಳನ್ನು ಮಡಚಿ ಗಂಟು ಕಟ್ಟತೊಡಗಿದರು. ಕೂಸಿನ ಬೆಳ್ಳಿಯ ಕಾಲುಕಡಗ ಒಂದು ಅರಿವೆಯಲ್ಲಿತ್ತು. ಅದನ್ನು ಗಂಟಿನಲ್ಲಿ ಇಡಲೋ ಬೇಡವೋ ಎಂದು ಕೈಯಲ್ಲಿ ಹಿಡಿದುಕೊಂಡು ಎಷ್ಟೋ ಹೊತ್ತು ಕುಳಿತಿದ್ದರು. ಕೊನೆಗೆ ಗೂಡಿನಲ್ಲಿ ತಿರುಗಿ ಇಟ್ಟರು. ನಾನು ನೋಡಿದೆ. ನೋಡಿದೆ ಎಂದು ಅವರಿಗೂ ಗೊತ್ತಾಯಿತು.

ಅಂದು ಸಂಜೆ ಇವರು ಎಂದಿನಂತೆ ಕಟ್ಟೆಯ ಮೇಲೆ ಕುಳಿತರು. ಮನಸ್ಸಿರಲಿಲ್ಲ. ಪರೀಕ್ಷೆಗಾಗಿ ಅಲ್ಲ, ಮನೆಯಲ್ಲಿ ಒಂದು ದನಿಯಾದರೂ ಇರಲಿ ಎಂದು ಓದುತ್ತಿದ್ದಾರೆ ಎಂದು ನನಗೆ ಅನಿಸಿತು. ಪುಸ್ತಕ ತೆರೆದು ಬಂದ ವಾಕ್ಯವನ್ನು ಗಟ್ಟಿಯಾಗಿ ಓದಿದರು: "ದೇರ್ ವಾಜ್ ಅ ಸ್ವಿಂಗ್ ಅಂಡರ್ ದ ಟ್ರೀ ಫಾರ್ ಲಿಟ್ಲ್ ಚಿಲ್ಡ್ರನ್."

"ವಾಜ್, ಇತ್ತು. ಏನಿತ್ತು?"

"ಸ್ವಿಂಗ್, ಜೋಕಾಲಿ."

"ಎಲ್ಲಿ ಇತ್ತು?"

"ಅಂಡರ್ ದ ಟ್ರೀ, ಗಿಡದ ಕೆಳಗ."

"ಯಾರ ಸಲುವಾಗಿ ಇತ್ತು?"

"ಫಾರ್... ಚಿಲ್ಡ್ರನ್." ಸಣ್ಣ ದನಿ ಇನ್ನೂ ಸಣ್ಣದಾಯಿತು. "ಮಕ್ಕಳ ಸಲುವಾಗಿ."

ದಪ್ಪ ದನಿ ಮುಂದಿನ ಪ್ರಶ್ನೆ ಕೇಳಲಿಲ್ಲ.

ಎಷ್ಟು ತಿಂಗಳಿಂದ ಕೇಳಿದ್ದೆ ನಾನು. ಹಗೇವು, ಗಿಡ, ಮನೆ, ಕಲ್ಲು, ಯಾವುದು ಬಂದರೂ ಇವರು ಎಂಥಾದ್ದು ಎಂದು ಕೇಳದೆ ಬಿಟ್ಟವರಲ್ಲ. ಇಂದು ಬಿಟ್ಟರು. ಪುಟ ತಿರುವಲು ಕೈ ಎತ್ತಿದರು. ನನಗಾಗಿ ಬಿಟ್ಟರು ಎಂದು ತಿಳಿಯದಷ್ಟು ದಡ್ಡಿಯಲ್ಲ ನಾನು. ಆದರೆ ವಾಕ್ಯ ಓದುವಾಗ ಅಲ್ಲಿ ಇನ್ನೊಂದು ಶಬ್ದ ಇತ್ತು, ನನ್ನ ಕಿವಿಗೆ ಬಿದ್ದಿತ್ತು. ಉಳಿದವೆಲ್ಲ ತಮ್ಮ ತಮ್ಮವರನ್ನು ಕೂಡಿಕೊಂಡು ಒಳಗೆ ಹೋದವು. ಅದೊಂದು ಹೊರಗೆ ನಿಂತಿತ್ತು. ಯಾರೂ ಕರೆಯುವವರಿಲ್ಲದೆ, ಹಳ್ಳದ ಆಚೆ, ಬದುವಿನ ಹತ್ತಿರ, ಮಳೆಯಲ್ಲಿ ನಿಂತಿತ್ತು.

"ಎಂಥಾ?" ಎಂದೆ.

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಮೊರದಲ್ಲಿಯ ಜೋಳ ಹಾಗೆಯೇ ಇತ್ತು. ಶೇಂಗಾ ಸುಲಿಯುವ ಸಪ್ಪಳ ನಿಂತಿತು. ಇವರು ತಿರುಗಿ ನೋಡಲಿಲ್ಲ. ಅಯ್ಯೋ ಮಾತಾಡಿದಳು ಎಂದು ಎದ್ದು ಬರಲಿಲ್ಲ. ಬಂದಿದ್ದರೆ ನಾನು ಮತ್ತೆ ಒಳಗೆ ಸರಿದುಬಿಡುತ್ತಿದ್ದೆನೇನೋ. ಪುಸ್ತಕವನ್ನೇ ನೋಡುತ್ತ, ದಿನವೂ ಹೇಳುವ ಶಿಷ್ಯನ ದನಿಯಲ್ಲಿಯೇ ಹೇಳಿದರು.

"ಲಿಟ್ಲ್. ಸಣ್ಣ. ಸಣ್ಣ ಮಕ್ಕಳ ಸಲುವಾಗಿ."

ನಾನು ಕಾದೆ. ಇನ್ನೂ ಏನೋ ಬರಬೇಕು ಎನಿಸಿತು. ಇವರಿಗೂ ಅನಿಸಿರಬೇಕು. ನಿಧಾನವಾಗಿ, ಒಂದೊಂದೇ ಶಬ್ದ ಹುಡುಕಿ ಇಟ್ಟ ಹಾಗೆ ಹೇಳಿದರು.

"ಇದೂ ಬದಲಾಗೂದಿಲ್ಲ. ಒಂದ ಕೂಸಿಗೂ ಲಿಟ್ಲ್. ಜಗತ್ತಿನ್ಯಾಗಿನ ಅಷ್ಟೂ ಕೂಸಿಗೂ ಲಿಟ್ಲ್. ನಮ್ಮದರ ಮುಂದ ನಿಂತದ್ದ ಅವುಗಳ ಮುಂದೂ ನಿಲ್ಲತೈತಿ. ಏನೂ ಕಡಿಮಿ ಆಗೂದಿಲ್ಲ ಅದಕ್ಕ."

ಆಗ ನನಗೆ ಅಳು ಒಡೆದು ಬಂತು. ಮಣ್ಣು ಕೊಟ್ಟು ಬಂದ ದಿನವೂ ಹಾಗೆ ಅತ್ತಿರಲಿಲ್ಲ. ಎಷ್ಟು ಮಕ್ಕಳಿರಬೇಕು ಲೋಕದಲ್ಲಿ, ಶಿಗ್ಗಾಂವಿಯ ಓಣಿಗಳಲ್ಲಿ, ಹಾನಗಲ್ಲಿನ ಕೆರೆಯ ದಂಡೆಯಲ್ಲಿ, ಕಡಲಿನಾಚೆ ಆ ಪುಸ್ತಕ ಬರೆದವರ ಊರಿನಲ್ಲಿ. ಅವೆಲ್ಲವುಗಳ ಮುಂದೆ ಹೋಗಿ ನಿಲ್ಲುವ ಮಾತೇ ನನ್ನ ಕೂಸಿನ ಮುಂದೆಯೂ ನಿಂತಿತ್ತು, ಒಂದು ಎಳೆಯೂ ಬದಲಾಗದೆ. ಇದು ದುಃಖಕ್ಕೆ ಔಷಧವೇ ಎಂದು ಕೇಳಿದರೆ ಹೇಳಲಾರೆ. ಆದರೆ ಅಂದು ನನಗೆ ಆಕಾಶ ನೋಡಿದ ಹಾಗಾಯಿತು. ಒಂಟಿ ಹಗೇವಿನೊಳಗೆ ಕುಳಿತಿದ್ದೇನೆ ಎಂದುಕೊಂಡಿದ್ದವಳಿಗೆ ತಲೆಯ ಮೇಲೆ ಬಾಯಿ ತೆರೆದೇ ಇದೆ ಎಂದು ಕಂಡ ಹಾಗೆ.

ಅಡುಗೆಮನೆಯಿಂದ ಅತ್ತೆ ಹಿಟ್ಟಿನ ಕೈಯಲ್ಲಿ ಓಡಿ ಬಂದರು. "ಯಾರು? ಯಾರು ಮಾತಾಡಿದ್ದು ಈಗ?"

"ನಿನ್ನ ಸೊಸಿ" ಎಂದಳು ಆಯಿ, ಕಣ್ಣೊರೆಸಿಕೊಳ್ಳುತ್ತ. "ಇಂಗ್ಲಿಷ್ ಮಾತಾಡಾಕತ್ತಾಳ."

"ಏನಂದ್ಲು?"

"ಎಂಥಾ ಅಂದ್ಲು."

"ಎಂಥಾ ಅನ್ನೂದು ಇಂಗ್ಲಿಷ್ ಏನಽ?" ಎಂದು ಅತ್ತೆ ಗಾಬರಿಯಲ್ಲಿ ಕೇಳಿದರು. ಇವರು ಅಳುತ್ತಿದ್ದವರು ನಕ್ಕುಬಿಟ್ಟರು.

ಮುಂದಿನ ಸಂಜೆಗಳಲ್ಲಿ ದಪ್ಪ ದನಿಯ ಕೆಲಸ ನನಗೆ ಬಂತು. ಯಾರು, ಏನು, ಎಲ್ಲಿ, ಯಾರ ಸಲುವಾಗಿ, ಎಂಥಾ. ಇಂಗ್ಲಿಷ್ ಬರದಿದ್ದರೂ ಇಷ್ಟು ಕೇಳಬಹುದು. ಪ್ರಶ್ನೆಯ ಹೊರತು ಬೇರೆ ಮಾತು ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಅಣ್ಣ ಹಾನಗಲ್ಲಿನಿಂದ ಬಂಡಿ ಕಟ್ಟಿಕೊಂಡು ಬಂದೇಬಿಟ್ಟ. ಅವ್ವ ಕಳಿಸಿದ ಹೊಸ ಅವಲಕ್ಕಿಯ ಚೀಲ ಇಳಿಸಿ, ಎತ್ತುಗಳಿಗೆ ಮೇವು ಹಾಕಿ, ಪಡಸಾಲೆಯಲ್ಲಿ ಕುಳಿತು, ನನ್ನ ಮುಖ ನೋಡಲಾರದೆ ಬಂಡಿಯನ್ನೇ ನೋಡುತ್ತ ಹೇಳಿದ: "ನಡೀ ತಂಗಿ. ಅವ್ವ ಹಾದಿ ನೋಡಾಕತ್ತಾಳ."

ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಇವರು ಗೋಡೆಗೆ ಒರಗಿ ನೆಲ ನೋಡುತ್ತಿದ್ದರು. ಆಕೆಯೇ ಹೇಳಲಿ ಎಂದವರು ಈಗಲೂ ಬಾಯಿ ತೆರೆಯಲಿಲ್ಲ. ಇದು ಎಂಥ ಮನುಷ್ಯನ ಎದೆ ಎಂದು ನಾನು ಇಂದಿಗೂ ಯೋಚಿಸುತ್ತೇನೆ. ನನ್ನ ಮಾತಿಗೆಂದು ಜಾಗ ಬಿಟ್ಟು, ಅದು ಬಾರದೆಯೂ ಹೋಗಬಹುದೆಂದು ಗೊತ್ತಿದ್ದು, ಸುಮ್ಮನೆ ನಿಂತರು.

ಯಾರು ಎಂದು ನನ್ನನ್ನೇ ಕೇಳಿಕೊಂಡೆ. ನಾನು. ಏನು ಮಾಡುವುದು? ಇರುವುದು. ಎಲ್ಲಿ? ಇಲ್ಲಿ.

"ಇಲ್ಲೇ ಇರ್ತೇನೋ ಅಣ್ಣಾ" ಎಂದೆ. "ಇವರ ಪಾಠಕ್ಕ ಕೇಳವ್ರು ಯಾರೂ ಇಲ್ಲ."

ಅಣ್ಣ ಬೆರಗಾಗಿ ನನ್ನನ್ನೂ ಇವರನ್ನೂ ನೋಡಿದ. "ಮಾಸ್ತರ್ಗ ಪಾಠಾ ನೀ ಕೇಳ್ತಿ?"

"ಕೇಳ್ತೇನಿ."

"ನಾಕನೇ ಇಯತ್ತೇದಾಗ ಲೆಕ್ಕಕ್ಕ ಹೆದರಿ ಅಟ್ಟಾ ಏರಿ ಕುಂತಾಕಿ ನೀ?" ಎಂದು ಅಣ್ಣ ನಕ್ಕ. ನಗುತ್ತ ನಗುತ್ತ ಟಾವೆಲಿನಲ್ಲಿ ಮುಖ ಮುಚ್ಚಿಕೊಂಡ. ಅತ್ತೆ ಒಳಗೆ ಹೋದರು. ನನ್ನ ಗಂಟು ಬಿಚ್ಚುವ ಸಪ್ಪಳ ಕೇಳಿಸಿತು. ಆಮೇಲೆ ಸವಣೂರಿನ ಎಲೆಗೆ ಸುಣ್ಣ ಹಚ್ಚಿ ಅಣ್ಣನ ಕೈಗೆ ಕೊಟ್ಟರು.

ಮರುವರ್ಷ ಇವರು ಪಾಸಾದರು. ಕೆಲವು ಕಾಲ ಸವಣೂರಿನಲ್ಲಿ ಇದ್ದೆವು, ಅತ್ತೆ ಹೋಗುವವರೆಗೆ. ನಮಗೆ ಮತ್ತೆ ಮಕ್ಕಳಾಗಲಿಲ್ಲ. ಆದರೂ ಬೇರೆ ಹೆಣ್ಣು ನೋಡುವ ಮಾತನ್ನು ಅತ್ತೆ ಎಂದೂ ಎತ್ತಲಿಲ್ಲ. ಅವರ ಕೊನೆಯ ದಿನಗಳಲ್ಲಿ ನೋವು ಎಂದು ನರಳಿದಾಗ ನಾನು ಎಲ್ಲಿ, ಎಂಥಾದ್ದು ಎಂದು ಕೇಳಿದರೆ, "ನನಗೂ ಇಂಗ್ಲಿಷ್ ಕಲಸ್ತಿಯೇನ?" ಎಂದು ನಗುವರು.

ಹಿರೇಕೆರೂರಿನಲ್ಲಿ ಇಂಗ್ಲಿಷ್ ಶಾಲೆ ಶುರುವಾದಾಗ ಇವರನ್ನು ಕರೆದರು. ಇಲ್ಲಿ ಹತ್ತಿ, ಗೋವಿನಜೋಳದ ವ್ಯಾಪಾರಸ್ಥರ ಮಕ್ಕಳು, ಒಕ್ಕಲುತನದ ಮನೆಯ ಮಕ್ಕಳು. ಇವರಿಗೆ ಬೇರೆ ರೀತಿ ಗೊತ್ತಿರಲಿಲ್ಲ, ಖಂಡಾನ್ವಯದಲ್ಲಿಯೇ ಇಂಗ್ಲಿಷ್ ಹೇಳಿದರು. ಒಂದು ಬದಲಾವಣೆ ಮಾಡಿಕೊಂಡಿದ್ದರು. ಪ್ರಶ್ನೆ ಮಾಸ್ತರ ಕೇಳುವುದಲ್ಲ, ಮಕ್ಕಳು ಕೇಳುವುದು. "ಕೇಳವ್ರು ನೀವು, ಹೇಳಾಂವ ನಾನು" ಎನ್ನುತ್ತಿದ್ದರಂತೆ. ಯಾಕೆ ಹಾಗೆ ಎಂದು ಯಾರೂ ಕೇಳಲಿಲ್ಲ. ನಾನು ಕೆರೆಯ ದಾರಿಯಲ್ಲಿ ಹೋಗುವಾಗ ಶಾಲೆಯ ಕಿಟಕಿಯಿಂದ ಎಲ್ಲ ಮಕ್ಕಳೂ ಒಟ್ಟಿಗೆ ಎಂಥಾ ಎಂದು ಕೂಗುವುದು ಕೇಳಿಸಿ ಮೈ ಜುಂ ಎನ್ನುತ್ತಿತ್ತು. ಗೋಡೆಯ ಆಚೆ ಅಷ್ಟೂ ಬಾಯಿಗಳಲ್ಲಿ ನನ್ನ ಮೊದಲ ಮಾತು.

ಸ್ವರಾಜ್ಯ ಬಂದ ಮರುವರ್ಷದ ಮಳೆಗಾಲದಲ್ಲಿ ಇವರಿಗೆ ವಿಷಮಜ್ವರ ಬಂತು. ಮಾತು ತಪ್ಪುವ ಮೊದಲು ನನ್ನನ್ನು ನೋಡಿ ಏನೋ ಕೇಳಿದರು. ನಾನು ಬಗ್ಗಿ ಕಿವಿ ಕೊಟ್ಟೆ, ತಿಳಿಯಲಿಲ್ಲ. ಕೇಳಿದ್ದು ಯಾರು ಎಂದೋ, ಏನು ಎಂದೋ, ಎಲ್ಲಿ ಎಂದೋ? ಅದಕ್ಕೆ ಉತ್ತರ ಹೇಳಲು ಆಗಲಿಲ್ಲ.

ಆಮೇಲೆ ನನ್ನ ಮಾತು ಮತ್ತೆ ನಿಂತಿತು. ಈ ಸಲ ಜಾಗ ಬಿಟ್ಟು ಕಾಯುವವರು ಇರಲಿಲ್ಲ. ಬಂದವರು ತಾವೇ ಕೇಳಿ ತಾವೇ ಹೇಳಿ ಹೋದರು. ಅಣ್ಣ ಹಾನಗಲ್ಲಿನಿಂದ ಬಂದ, ಈಗ ಅವನ ತಲೆಯೂ ಬೆಳ್ಳಗಾಗಿತ್ತು. ಕರೆದುಕೊಂಡು ಹೋಗುತ್ತೇನೆ ಎನ್ನಲಿಲ್ಲ. ದಿನವೂ ಬೆಳಿಗ್ಗೆ, "ಹ್ಯಾಂಗದೀ ತಂಗಿ?" ಎಂದು ಕೇಳುವನು. ನಾನು ತಲೆಯಾಡಿಸುವ ತನಕ ನೋಡಿ ಕಟ್ಟೆಯ ಮೇಲೆ ಹೋಗಿ ಕುಳಿತುಕೊಳ್ಳುವನು.

ಮಳೆ ಹೊಳವಾದ ಒಂದು ದಿನ ನಾನು ಕೊಡ ಹಿಡಿದು ಕೆರೆಯ ಕಡೆ ಹೊರಟೆ. ಇವರು ಹೋದ ಮೇಲೆ ಆ ದಾರಿ ತುಳಿದಿರಲಿಲ್ಲ. ಶಾಲೆಯ ಕಿಟಕಿ ತೆರೆದಿತ್ತು. ಇವರ ಜಾಗಕ್ಕೆ ಹೊಸಬರು ಬಂದಿದ್ದರು, ಇನ್ನೂ ಹರೆಯದವರು. ಅವರ ದನಿ ಕೇಳಿಸಿತು.

"ದ ಬರ್ಡ್ಸ್ ಸ್ಯಾಟ್ ಆನ್ ಬೇರ್ ಬ್ರ್ಯಾಂಚಿಸ್. ಬರ್ಡ್ಸ್ ಅಂದ್ರ ಹಕ್ಕಿಗಳು. ಸ್ಯಾಟ್, ಕುಂತವು. ಆನ್ ಬ್ರ್ಯಾಂಚಿಸ್, ಟೊಂಗಿ ಮ್ಯಾಲ. ಮುಂದ..."

"ಎಂಥಾ?" ಎಂದು ಇಡೀ ವರ್ಗ ಕೂಗಿತು.

"ಆಂ? ಏನಾತ್ರೋ?"

"ಎಂಥಾ?"

"ಎಂಥಾ ಅಂದ್ರೇನು? ಟೊಂಗಿ ಅಂದ್ರ ಟೊಂಗಿ. ಚಾಷ್ಟಿ ಮಾಡ್ತೀರೇನು?"

ಒಂದು ಸಣ್ಣ ದನಿ ಹೆದರುತ್ತ ಎದ್ದಿತು. "ಹಂಗಲ್ರಿ ಸರ್ರ. ಒಂದ ಶಬ್ದ ಹೊರಗ ಉಳದೈತ್ರಿ."

ಒಳಗೆ ಪುಟ ಸರಿಸಿದ ಸಪ್ಪಳವಾಯಿತು. ಹೊಸ ಮಾಸ್ತರರು ಪುಸ್ತಕ ನೋಡಿರಬೇಕು. ಸ್ವಲ್ಪ ತಡೆದು, ಬೇರೆಯದೇ ದನಿಯಲ್ಲಿ, "ಬೇರ್" ಎಂದರು. "ಬೇರ್ ಅಂದ್ರ ಬರೇ ಟೊಂಗಿ. ಎಲಿ ಉದುರಿದ ಟೊಂಗಿ."

ಬಿಸಿಲಲ್ಲಿ ನಿಂತೇ ಇದ್ದೆ. ಒಬ್ಬ ಮನುಷ್ಯ ಬೇವಿನ ಕಟ್ಟೆಯ ಮೇಲೆ ಕುಳಿತು ತನ್ನಷ್ಟಕ್ಕೆ ತಾನೇ ಕೇಳಿಕೊಂಡ ಮಾತು. ಆಮೇಲೆ ನನ್ನ ಬಾಯಲ್ಲಿ ಬಂದದ್ದು. ಈಗ ಅವರಿಲ್ಲ, ಮಕ್ಕಳು ಎಷ್ಟೋ. ಅಷ್ಟು ಮಕ್ಕಳ ಮುಂದೆಯೂ ಅದು ಹಾಗೆಯೇ ನಿಂತಿತ್ತು, ತನ್ನ ಅಂಗಿ ತಾನೇ ತೊಟ್ಟುಕೊಂಡು, ಏನೂ ಕಡಿಮೆಯಾಗದೆ.

ನೀರು ತುಂಬಿಕೊಂಡು ಮನೆಗೆ ಬಂದೆ. ಅಣ್ಣ ಕಟ್ಟೆಯ ಮೇಲಿದ್ದವನು ಎದ್ದು ನಿಂತು ಕೊಡ ಇಳಿಸಿಕೊಂಡ. ಅಂದು ಬೆಳಿಗ್ಗೆ ಕೇಳಿದ್ದನ್ನೇ ರೂಢಿಯ ಮೇಲೆ ಮತ್ತೆ ಕೇಳಿದ: "ಹ್ಯಾಂಗದೀ ತಂಗಿ?"

"ಕುಂದರೋ ಅಣ್ಣಾ" ಎಂದೆ. "ಹೇಳ್ತೇನಿ."